ಕ್ವಾರಂಟೈನ್‌ನಲ್ಲಿ ಸಿಕ್ಕ ಮೇಲ್ ಬಿಡಿಸಿಕೊಳ್ಳುವುದು ಹೇಗೆ

ಗದಗಿನಲ್ಲಿ ನಮ್ಮದು ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ ಮ್ಯಾಟರ್ ಈಗ ಮೇಲ್‌ನಲ್ಲೇ ಬರುತ್ತದೆ. "ನಿನ್ನೇನೇ ಕಳಿಸೀನಲ್ರೀ" ಎಂದು ಗಿರಾಕಿ ಫೋನ್ ಮಾಡಿದರೆ ನಾನು ನೋಡುವುದು ಕ್ವಾರಂಟೈನ್. ಇದು ಇನ್‌ಬಾಕ್ಸ್ ಪಕ್ಕದ ಸ್ಪ್ಯಾಮ್ ಫೋಲ್ಡರ್ ಅಲ್ಲ. ಅನುಮಾನದ ಮೇಲ್‌ಗಳನ್ನು ಸರ್ವರ್‌ನಲ್ಲೇ ತಡೆದಿಡುವ ಜಾಗ. ಬ್ರೌಸರ್‌ನಲ್ಲಿ ಲಾಗಿನ್ ಆಗಿ ನೋಡಬೇಕು.

ಕಳಿಸಿದವರ ಹೆಸರು ನೋಡಿ ನಂಬಬೇಡಿ, ಪೂರ್ತಿ ವಿಳಾಸ ಓದಿ. ಜಿಪ್ ಫೈಲ್ (ಹಲವು ಫೈಲ್ ಸೇರಿಸಿ ಕಟ್ಟಿದ ಗಂಟು, ಒಳಗೆ ವೈರಸ್ ಅಡಗಿರಬಹುದು) ಇದ್ದರೆ ಗಿರಾಕಿಗೇ ಫೋನ್ ಹಚ್ಚಿ ಕೇಳಿ. ಸರಿ ಇದ್ದರೆ 'ರಿಲೀಸ್' ಒತ್ತಿ, ಮೇಲ್ ಇನ್‌ಬಾಕ್ಸ್‌ಗೆ ಬರುತ್ತದೆ. ಕಾಯಂ ಗಿರಾಕಿಯಾದರೆ ಅಲೋ ಲಿಸ್ಟಿಗೂ, ಅಂದರೆ ಯಾರ ಮೇಲ್ ತಡೆಯಬಾರದು ಎಂಬ ಪಟ್ಟಿಗೂ ಸೇರಿಸಿ. ಅವರೊಬ್ಬರ ವಿಳಾಸ ಮಾತ್ರ! ಜಿಮೇಲ್ ಡೊಮೇನನ್ನೇ (ವಿಳಾಸದಲ್ಲಿ @ ಆದಮೇಲಿನ gmail.com ಭಾಗ) ಸೇರಿಸಿದರೆ ಕಳ್ಳರಿಗೆಲ್ಲ ಬಾಗಿಲು ತೆರೆದಿಟ್ಟ ಹಾಗೆ. ಜಾಸ್ತಿ ತಡ ಮಾಡಬೇಡಿ. ಇಂತಿಷ್ಟು ದಿನ ಕಳೆದರೆ ಮೇಲ್ ತಾನೇ ಅಳಿಸಿಹೋಗುತ್ತದೆ.

ಇನ್ನು ಲಾಗಿನ್. 'ನಿಮ್ಮ 5 ಮೇಲ್ ತಡೆಹಿಡಿಯಲಾಗಿದೆ, ಇಲ್ಲಿ ಒತ್ತಿ' ಎಂದು ಬರುವ ಮೇಲ್ ಅಸಲಿಯೂ ಇರಬಹುದು, ಪಾಸ್‌ವರ್ಡ್ ಕದಿಯುವ ನಕಲಿಯೂ ಇರಬಹುದು. ಸುಮ್ನೆ ಒತ್ತಬೇಡಿ. ಲಾಗಿನ್ ಪುಟವನ್ನು ಬುಕ್‌ಮಾರ್ಕ್ ಮಾಡಿಟ್ಟು ಯಾವಾಗಲೂ ಅಲ್ಲಿಂದಲೇ ಹೋಗಿ. ನಮ್ಮ ಡಿಟಿಪಿ ಹುಡುಗ ಪಾಸ್‌ವರ್ಡ್ ಚೀಟಿಯನ್ನು ಮಾನಿಟರಿಗೇ ಅಂಟಿಸಿದ್ದ. ಕೌಂಟರಿಗೆ ಬಂದವರೆಲ್ಲ ಓದಬಹುದು, ಅಲ್ವಾ? ಕಿತ್ತು ಹಾಕಿಸಿ, ಪಾಸ್‌ವರ್ಡನ್ನೂ ಬದಲಿಸಿದೆ.