ಡ್ರೀ ಎಂಬ ಹಳೆಯ ಸ್ಕಾಟ್ಸ್ ಕ್ರಿಯಾಪದದ ಜಾಡು ಹಿಡಿಯುವುದು ಹೇಗೆ? ಪಡು, ತಾಳು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ

ನಮ್ಮ ಗುಬ್ಬಿ ಕಡೆ ‘ಪಡ್ತಾನೆ ಬಿಡು’ ಅಂತಾರೆ. ಏನು ಪಡುತ್ತಾನೆ ಅಂತ ಯಾರೂ ಕೇಳುವುದಿಲ್ಲ. ಕಷ್ಟ ಅಂತ ಎಲ್ಲರಿಗೂ ಗೊತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಕ್ಕನ ಮಗಳು ತುಮಕೂರಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಾಳೆ. ಸ್ಕಾಟ್ಸ್ ಅಂದರೆ ಸ್ಕಾಟ್ಲೆಂಡಿನ ಒಂದು ಭಾಷೆ, ಇಂಗ್ಲಿಷಿನ ನೆಂಟ. ಆ ಭಾಷೆಯ ಹಳೆಯ ಲಾವಣಿಯಲ್ಲಿ ‘ಡ್ರೀ’ ಅಂತ ಪದ ಬಂತು, ‘ಮಾಮ, ಇದಕ್ಕೇನು ಅರ್ಥ?’ ಅಂದಳು. ಫೋನಿನಲ್ಲಿ ನೋಡಿ ‘ಸಹಿಸು’ ಅಂತ ಹೇಳಿಬಿಟ್ಟೆ. ಮಾರನೇ ದಿನ ಮತ್ತೆ ಫೋನ್ ಮಾಡಿ, ಇನ್ನೊಂದು ಹಳೆಯ ಸಾಲಿನಲ್ಲಿ ಅದು ಹೊಂದುತ್ತಿಲ್ಲ, ಅಲ್ಲಿ ಊಟದ ಖುಷಿ ಇದೆ ಅಂದಳು. ಆಮೇಲೆ ಎರಡು ಭಾನುವಾರ ಇಬ್ಬರೂ ಕೂತು ನೋಡಿದೆವು. ಆಗ ಕಲಿತ ದಾರಿ ಇದು.

ಮೊದಲು ‘ಇದರ ಅರ್ಥ ಏನು’ ಅಂತ ಕೇಳುವುದನ್ನು ಬಿಡಿ. ‘ಇದು ಯಾವ ಪದದ ಜೊತೆ ಬರುತ್ತದೆ’ ಅಂತ ಕೇಳಿ. ಒಂದು ನೋಟ್‌ಬುಕ್ ತೆಗೆದುಕೊಂಡು ಕಾಲ, ಸಾಲು, ಜೊತೆಯ ಪದ ಅಂತ ಮೂರು ಕಾಲಂ ಹಾಕಿ. ಅರ್ಥದ ಕಾಲಂ ಈಗಲೇ ಬೇಡ. ಅದನ್ನು ಮೊದಲೇ ತುಂಬಿಬಿಟ್ಟರೆ ಮುಂದೆ ಸಿಗುವ ಎಲ್ಲ ಸಾಲುಗಳನ್ನೂ ಅದಕ್ಕೇ ಒಗ್ಗಿಸಲು ನೋಡುತ್ತೇವೆ, ನಾನು ಮಾಡಿದ ತಪ್ಪು ಅದೇ.

ಸಾಲುಗಳನ್ನು ಎಲ್ಲಿಂದ ತರುವುದು? ಸ್ಕಾಟ್ಸ್ ಭಾಷೆಗೆ ಎರಡು ದೊಡ್ಡ ನಿಘಂಟುಗಳಿವೆ. ಒಂದು 1700ರವರೆಗಿನ ಹಳೆಯ ಸ್ಕಾಟ್ಸ್‌ಗೆ, 12 ಸಂಪುಟ, ಮುಗಿದಿದ್ದು 2002ರಲ್ಲಿ. ಇನ್ನೊಂದು 1700ರ ನಂತರದ್ದಕ್ಕೆ, 10 ಸಂಪುಟ, ಮುಗಿದಿದ್ದು 1976ರಲ್ಲಿ. ಎರಡೂ ಅಂತರ್ಜಾಲದಲ್ಲಿ ಒಂದೇ ಕಡೆ ಪುಕ್ಕಟೆ ಸಿಗುತ್ತವೆ. ಒಂದರಲ್ಲಿ ಮಾತ್ರ ಹುಡುಕಿದರೆ ಪದದ ಅರ್ಧ ಆಯಸ್ಸು ಕೈತಪ್ಪಿ ಹೋಗುತ್ತದೆ. ಕಾಗುಣಿತವನ್ನೂ ಗಮನಿಸಿ. ಹಿಂದೆ ಒಬ್ಬೊಬ್ಬರು ಒಂದೊಂದು ತರ ಬರೆಯುತ್ತಿದ್ದರು, ಡಿ, ಆರ್ ಆದಮೇಲೆ ಒಂದೇ ಇ ಇರಬಹುದು, ಎರಡು ಇರಬಹುದು, ಐ-ಇ ಕೂಡ ಇರಬಹುದು. ಎಲ್ಲವನ್ನೂ ಹಾಕಿ ಹುಡುಕಿ.

ಈಗ ಕಾಲದ ಪ್ರಕಾರ ಜೋಡಿಸಿ, ತೀರಾ ಹಿಂದಕ್ಕೆ ಹೋಗಿ. ನನಗೆ ತುಂಬ ಇಷ್ಟವಾದ ಭಾಗ ಇದು. ಡ್ರೀ ಹುಟ್ಟಿದ್ದು ಹಳೆಯ ಇಂಗ್ಲಿಷಿನ ‘ದ್ರೇಯೋಗನ್’ ಎಂಬ ಪದದಿಂದ. ಸುಮಾರು 1000ನೇ ಇಸವಿಯ ಹಸ್ತಪ್ರತಿಯಲ್ಲಿ ಉಳಿದಿರುವ ಬೇವುಲ್ಫ್ ಎಂಬ 3182 ಸಾಲಿನ ಕಾವ್ಯದಲ್ಲಿ ಅದು ಹಲವು ಸಲ ಬರುತ್ತದೆ. ಶುರುವಿನಲ್ಲೇ, ನಾಯಕನಿಲ್ಲದ ಜನ ಬಹಳ ಕಾಲ ಸಂಕಟ ಪಟ್ಟರು ಅನ್ನುವ ಕಡೆ ಇದೇ ಪದ. ಮುಂದೆ 1782ನೇ ಸಾಲಿನಲ್ಲಿ ಮುದಿ ರಾಜ ವೀರನಿಗೆ, ಹೋಗಿ ಕೂತು ಔತಣದ ಸಂತೋಷ ಪಡು ಅನ್ನುತ್ತಾನೆ. ಅಲ್ಲೂ ಇದೇ ಪದ! ಇನ್ನೊಂದು ಕಡೆ ವೀರ ಸಮುದ್ರದಲ್ಲಿ ಈಜಿದ ಅನ್ನುವುದಕ್ಕೂ ಇದನ್ನೇ ಬಳಸಿದ್ದಾರೆ, ಅಲ್ಲಿ ಅದು ಬರೀ ‘ಮಾಡು’ ಅಷ್ಟೇ.

ಇಲ್ಲಿ ‘ಸಹಿಸು’ ಹಾಕಿದರೆ ಏನಾಗುತ್ತದೆ ನೋಡಿ. ಔತಣವನ್ನು ಯಾರಾದರೂ ಸಹಿಸುತ್ತಾರಾ? ‘ಪಡು’ ಹಾಕಿ, ಸಲೀಸಾಗಿ ಕೂರುತ್ತದೆ. ನಮ್ಮಲ್ಲೂ ಸಂತೋಷ ಪಡುತ್ತೇವೆ, ಆಸೆ ಪಡುತ್ತೇವೆ, ಕಷ್ಟವನ್ನೂ ಪಡುತ್ತೇವೆ. ಜೊತೆಯ ಪದ ತೆಗೆದು ಸುಮ್ನೆ ‘ಪಡ್ತಾನೆ ಬಿಡು’ ಅಂದರೆ ಮಾತ್ರ ಕಷ್ಟ ಒಂದೇ ಉಳಿಯುತ್ತದೆ. ಡ್ರೀ ಕೂಡ ಹೀಗೇ ಕಿರಿದಾಯಿತು. ಕಾಲ ಕಳೆದಂತೆ ಔತಣ, ಈಜು ಎಲ್ಲ ಜಾರಿಹೋಗಿ ನೋವು, ಪ್ರಾಯಶ್ಚಿತ್ತ, ವಿಧಿ ಇವೇ ಅದರ ಜೊತೆ ಜಾಸ್ತಿ ಉಳಿದವು. ‘ಡ್ರೀ ಯುವರ್ ವಿಯರ್ಡ್’ ಅನ್ನುವ ನುಡಿ ಇವತ್ತಿಗೂ ಕೆಲವರಿಗೆ ಗೊತ್ತು. ಈ ವಿಯರ್ಡ್ ಅಂದರೆ ವಿಚಿತ್ರ ಅಲ್ಲ, ಹಳೆಯ ಅರ್ಥ ವಿಧಿ. ಹಣೇಲಿ ಬರೆದಿದ್ದನ್ನು ಪಡಬೇಕು ಅಂತಾರಲ್ಲ, ಅದೇ ಇದು.

ಸಹಿಸುವುದರ ಪಕ್ಕದಲ್ಲೇ ‘ಬಹುಕಾಲ ಇರು’ ಅನ್ನುವ ಇನ್ನೊಂದು ಅರ್ಥವೂ ಬೆಳೆದಿತ್ತು. ಇಲ್ಲಿ ‘ಪಡು’ ಕೈ ಕೊಡುತ್ತದೆ, ‘ತಾಳು’ ಬೇಕು. ಈ ನೋವು ತಾಳಲಾರೆ, ಹಗೇವಿಗೆ ಹಾಕಿದ ರಾಗಿ ವರ್ಷಗಟ್ಟಲೆ ತಾಳುತ್ತದೆ, ಎರಡಕ್ಕೂ ನಮಗೆ ಒಂದೇ ಪದ ಅಲ್ವಾ? ಡ್ರೀ ಪದದ ನೆಂಟ ಒಬ್ಬ ಸ್ಕಾಟ್ಲೆಂಡಿನಲ್ಲಿ ಇವತ್ತಿಗೂ ಗಟ್ಟಿಯಾಗಿದ್ದಾನೆ, ‘ಡ್ರೀಖ್’. ಹಿಂದೆ ಉದ್ದಕ್ಕೆ ಎಳೆಯುವ, ಮುಗಿಯದ ಅಂತ ಅರ್ಥ. ಈಗ ಜಡಿಮಳೆ ಹಿಡಿದ ಮಂಕು ದಿನಕ್ಕೆ ಜಾಸ್ತಿ ಬಳಸುತ್ತಾರೆ.

ಸದ್ದು ಒಂದೇ ತರ ಇದೆ ಅಂತ ನೆಂಟಸ್ತನ ಕಟ್ಟಬೇಡಿ. ಇಂಗ್ಲಿಷಿನ ‘ಡ್ರಿಯರಿ’ ನೋಡಿದರೆ ಡ್ರೀಗೆ ಅಣ್ಣನೋ ತಮ್ಮನೋ ಅನಿಸುತ್ತದೆ, ಆದರೆ ಅದರ ಮೂಲ ರಕ್ತ ಎಂಬ ಅರ್ಥದ ಬೇರೆಯೇ ಪದ. ನಮ್ಮಲ್ಲಿ ಮದುವೆ ಮನೆಗಳಲ್ಲಿ ಹಿರಿಯರು ‘ತಾಳಿ ಅಂದರೆ ತಾಳಿಕೋ ಅಂತ’ ಅನ್ನುವುದು ಇದೇ ತರದ ಕಟ್ಟು. ಹುಡುಗಿಯರಿಗೆ ಬುದ್ಧಿ ಹೇಳಲು ಈ ಮಾತು ಬಳಸಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ನಿಘಂಟು ತೆರೆದರೆ ಕೊರಳಿನ ತಾಳಿ ಬೇರೆ, ತಾಳು ಬೇರೆ. ಅನುಮಾನ ಇದ್ದರೆ 1894ರ ಕಿಟೆಲ್ ನಿಘಂಟನ್ನೋ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟನ್ನೋ ನೋಡಿ.

ಕಾಲದ ಕಾಲಂ ತುಂಬುವಾಗ ಎರಡು ಕಡೆ ಎಡವುತ್ತೇವೆ. ಲಾವಣಿ ಅಚ್ಚಾದ ವರ್ಷ ಪದದ ವರ್ಷ ಅಲ್ಲ. ನಮ್ಮ ಅಜ್ಜಿ ಹಾಡುತ್ತಿದ್ದ ರಾಗಿ ಬೀಸುವ ಹಾಡನ್ನು ಯಾರೋ ಬರೆದುಕೊಂಡು ಅಚ್ಚು ಮಾಡಿಸಿದರೆ ಅದರೊಳಗಿನ ಪದಕ್ಕೆ ಆ ವರ್ಷವೇ ಹುಟ್ಟುಹಬ್ಬ ಆಗುವುದಿಲ್ಲವಲ್ಲ. ಎರಡನೆಯದು, 19ನೇ ಶತಮಾನದ ಬರಹಗಾರರನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಗುರುತಿಸಿ. ಸ್ಕಾಟ್ಲೆಂಡಿನ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಈ ಪದವನ್ನು ಹಳೆಯ ಕಾಲದ ವಾಸನೆ ಬರಲಿ ಅಂತ ಪಾತ್ರಗಳ ಬಾಯಲ್ಲಿ ಹಾಕಿದ್ದಾನೆ. ನಮ್ಮ ಪೌರಾಣಿಕ ನಾಟಕದ ರಾಜ ‘ತಾಳೆನು’ ಅಂದ ಹಾಗೆ. ಅದೂ ಬಳಕೆಯೇ, ಆದರೆ ಸಂತೆಯಲ್ಲಿ ಆಡುವ ಮಾತು ಅಂತ ಎಣಿಸಬೇಡಿ.

ಕೊನೆಗೆ ಅರ್ಥದ ಕಾಲಂ. ಒಂದೊಂದು ಸಾಲಿಗೂ ಮಾಡು, ಪಡು, ತಾಳು ಮೂರನ್ನೂ ಹಾಕಿ ಜೋರಾಗಿ ಓದಿ. ಕಿವಿಗೆ ಹೊಂದಿದ್ದನ್ನು ಬರೆಯಿರಿ. ಎರಡು ಹೊಂದಿದರೆ ಎರಡನ್ನೂ ಬರೆಯಿರಿ, ಪದ ಒಂದರಿಂದ ಇನ್ನೊಂದಕ್ಕೆ ದಾಟಿದ್ದು ಅಂಥ ಸಾಲುಗಳಲ್ಲೇ ಕಾಣುತ್ತದೆ. ಯಾವುದೂ ಹೊಂದದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ ಬಿಡಿ. ಅಕ್ಕನ ಮಗಳ ನೋಟ್‌ಬುಕ್‌ನಲ್ಲಿ ಅಂಥವು ಇನ್ನೂ ನಾಲ್ಕಿವೆ, ಮುಂದಿನ ಭಾನುವಾರ ಕೂರುತ್ತೇವೆ.