ರಟ್ಟಿಗಂಟಿದ ಪಟ್ಟಾಭಿಷೇಕದ ಪಟ ಬಿಡಿಸಿದ್ದು: ನನ್ನ ಅನುಭವ

ಶ್ರೀರಾಮ ಪಟ್ಟಾಭಿಷೇಕದ ಹಳೆಯ ಕಲ್ಲಚ್ಚಿನ (ಚಪ್ಪಟೆ ಕಲ್ಲಿನ ಮೇಲೆ ಬರೆದು ಅಚ್ಚೊತ್ತಿದ) ಪಟವನ್ನು ರಟ್ಟಿನಿಂದ ಬಿಡಿಸುವಾಗ ಹನಿ ನೀರೂ ಸೋಕಬಾರದು ಎಂಬುದು ಹಳೆಯ ಪಟ ದುರಸ್ತಿಯ ನಮ್ಮ ಕಸುಬಿನಲ್ಲಿ ಬೇರೂರಿದ ಮಾತು. ಬಸವನಗುಡಿಯ ಮನೆಯೊಂದರ ದೇವರ ಕೋಣೆಯಿಂದ ಬಂದ ಪಟವನ್ನು ಒದ್ದೆ ಮಾಡಿಯೇ ಬಿಡಿಸುತ್ತೇನೆ ಎಂದಾಗ ಅವೆನ್ಯೂ ರಸ್ತೆಯ ಹಿರಿಯರೊಬ್ಬರು, "ನೀರು ಬಿದ್ದರೆ ರಾಮನ ಪಟ್ಟವೂ ಹೋಯಿತು, ನಿನ್ನ ಹೆಸರೂ ಹೋಯಿತು ನೋಡಪ್ಪ" ಎಂದರು. ಪಟ ಇಡಿಯಾಗಿ ಬಂದಿದೆ. ವಸಿಷ್ಠರ ಕೈಯ ಕಲಶದಿಂದ ಹನುಮಂತನ ಬಾಲದ ತುದಿಯವರೆಗೆ ಎಲ್ಲಿಯೂ ಬಣ್ಣ ಎದ್ದಿಲ್ಲ.

ಕಲ್ಲಚ್ಚಿನ ಶಾಯಿ ಎಣ್ಣೆಯದು. 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಆಮೇಲೆ ಲೋನಾವಳದ ಹತ್ತಿರದ ಮಳವಲಿಗೆ ಹೋದ ರವಿವರ್ಮ ಮುದ್ರಣಾಲಯದ್ದಾಗಲಿ, ಜರ್ಮನಿಯಿಂದ ಬಂದದ್ದಾಗಲಿ, ಬಣ್ಣಕ್ಕೊಂದು ಕಲ್ಲಿನಂತೆ ಒತ್ತಿದ ಆ ಶಾಯಿ ನೀರಿಗೆ ಕದಲುವುದಿಲ್ಲ. ಕೆಡುವುದು ಮೇಲಿನ ವಾರ್ನಿಷ್ ಮತ್ತು ಸೀತೆಯ ಸೀರೆಗೆ ಯಾರೋ ಭಕ್ತಿಯಿಂದ ಅಂಟಿಸಿದ ಜರಿಬಟ್ಟೆಯ ಕೆಂಪು. ಹಾಗಾಗಿ ನೀರು ಹಿಂದಿನಿಂದಲೇ ಹೋಗಬೇಕು, ಹರಿಯದೆ ನಿಂತಿರಬೇಕು.

ಚಿಕ್ಕಪೇಟೆಯ ಭಾನುವಾರದ ಬಜಾರಿನಲ್ಲಿ ಹರಕು ಪಟಗಳನ್ನು ತಂದು ತಿಂಗಳುಗಟ್ಟಲೆ ಪ್ರಯೋಗ ಮಾಡಿದೆ. ಹಬೆ ಕೊಟ್ಟರೆ ವಾರ್ನಿಷ್ ಬೆಳ್ಳಗೆ ಬೂದಿ ಬಡಿದಂತಾಯಿತು. ಒದ್ದೆ ಬಟ್ಟೆ ಹಾಸಿದರೆ ನೀರು ಅಂಚಿಗೆ ಓಡಿ ಕಂದು ಗೆರೆ ಉಳಿಸಿತು. ಮೆಂತ್ಯದ ಲೋಳೆ ನೀರನ್ನು ಚೆನ್ನಾಗಿ ಹಿಡಿಯಿತು, ಆದರೆ ಕಾಗದ ಹಳದಿಯಾಯಿತು. ಇಷ್ಟಕ್ಕೇ ನಾಲ್ಕೈದು ಸಾವಿರ ಕರಗಿತು.

ಗೆದ್ದದ್ದು ಮೀಥೈಲ್ ಸೆಲ್ಯುಲೋಸ್ ಎಂಬ ಪುಡಿ. ಲೀಟರ್ ನೀರಿಗೆ ನಲವತ್ತು ಗ್ರಾಂ ಆಸುಪಾಸು. ಬಿಸಿನೀರಿನಲ್ಲಿ ಕದಡಿ ತಣಿಸಿದರೆ ಗಟ್ಟಿ ಲೋಳೆಯಾಗುತ್ತದೆ. ಮೊದಲು ರಟ್ಟನ್ನು ಒಣದಾಗಿಯೇ ಪದರ ಪದರವಾಗಿ ಸುಲಿದು, ಕೊನೆಯ ಪದರವನ್ನು ಮಾತ್ರ ಬಿಟ್ಟೆ. ಅದರ ಮೇಲೆ ತೆಳು ಟಿಶ್ಯೂ, ಲೋಳೆ, ಪಾಲಿಥೀನ್. ಅರ್ಧ ಗಂಟೆಗೆ ಮೈದಾ ಅಂಟು ಕಂದು ಗಂಜಿಯಂತೆ ಮೇಲೆದ್ದಿತು. ಬಿದಿರಿನ ಚಪ್ಪಟೆ ಕಡ್ಡಿಗೆ ಸಲೀಸಾಗಿ ಬಂತು. ಅಂಗೈಯಗಲ ಮುಗಿಸಿ ಮುಂದಕ್ಕೆ. ಜರಿಯ ಹಿಂಭಾಗದಲ್ಲಿ ಲೋಳೆಗೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದು ನನ್ನಲ್ಲೇ ಇರಲಿ. ಕೊನೆಗೆ ಗೋಧಿ ಗಂಜಿಯಿಂದ ಪಟದ ಹಿಂಬದಿಗೆ ತೆಳುವಾದರೂ ಗಟ್ಟಿಯಾದ ಜಪಾನಿ ಕಾಗದದ ಒತ್ತು, ಬ್ಲಾಟಿಂಗ್ ಕಾಗದ, ಭಾರ.

ಕಿರೀಟದ ಚಿನ್ನದ ಬಣ್ಣ ಲೋಹದ ಪುಡಿಯದು, ಕಪ್ಪಾಗಿತ್ತು. ನಿಂಬೆರಸ ಹಚ್ಚಿ ಎಂದವರಿದ್ದರು. ಹರಕು ಪಟದ ಮೇಲೆ ನೋಡಿದೆ: ಹೊಳಪು ಬರುವ ಮೊದಲೇ ಚಿನ್ನವೇ ಹೊರಟಿತು. ರಾಮನ ಕಿರೀಟ ಕಪ್ಪಾಗಿಯೇ ಇದೆ, ಅದೇ ಚಂದ. ದೀಪದ ಮಸಿಯನ್ನು ಮಾತ್ರ ರಬ್ಬರಿನ ತುರಿಯಿಂದ ತೆಗೆದೆ.

ಸಾಮಾನಿಗೆ ಎರಡು ಸಾವಿರದಷ್ಟು ಆಯಿತು. ಜಪಾನಿ ಕಾಗದವೇ ದುಬಾರಿ. ಕೂಲಿ ಎಂಟು ಸಾವಿರ ಕೇಳಿದೆ, ಚೌಕಾಸಿ ಮಾಡದೆ ಕೊಟ್ಟರು. ಅದೇ ಹಿರಿಯರು ಈಗ ತಮ್ಮ ಕಷ್ಟದ ಪಟಗಳನ್ನು ನನ್ನಲ್ಲಿಗೆ ಕಳುಹಿಸುತ್ತಾರೆ.

ಹೀಗೆ ಬಂದದ್ದು ಜಯಚಾಮರಾಜ ಒಡೆಯರ 1940ರ ಪಟ್ಟಾಭಿಷೇಕದ ಅಚ್ಚುಚಿತ್ರ. ಅದು ಕಲ್ಲಚ್ಚಲ್ಲ, ಹೊಳಪು ಕಾಗದದ ಮೇಲೆ ಸಣ್ಣ ಸಣ್ಣ ಚುಕ್ಕೆಗಳಿಂದ ಮೂಡಿಸಿದ ಹಾಫ್‌ಟೋನ್. ಆ ಕಾಗದದ ಮಣ್ಣಿನ ಲೇಪ ತೇವಕ್ಕೆ ಮೆತ್ತಗಾಗಿ ಚಿತ್ರವನ್ನೇ ಎಬ್ಬಿಸುತ್ತದೆ. ಲೋಳೆಯ ಮಾತೇ ಇಲ್ಲ. ಅದರ ಹಿಂದಿನ ರಟ್ಟನ್ನು ಒಣದಾಗಿಯೇ ಕೆರೆಯುತ್ತಿದ್ದೇನೆ, ಮುಕ್ಕಾಲು ಪಾಲು ಮುಗಿದಿದೆ.