ವಂಶಾವಳಿ ಪುಸ್ತಕ: ಮೊದಲು ನಕಲು, ಆಮೇಲೆ ತಿದ್ದುಪಡಿ

ಬಟ್ಟೆ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟ ವಂಶಾವಳಿ ಪುಸ್ತಕ ಎಷ್ಟೋ ಮನೆಗಳಲ್ಲಿದೆ. ಅಜ್ಜ ಕೈಯಲ್ಲಿ ಬರೆದದ್ದೋ, ದೊಡ್ಡಪ್ಪ ಯಾವುದೋ ಮದುವೆಯ ಹೊತ್ತಿಗೆ ಅಚ್ಚು ಹಾಕಿಸಿದ್ದೋ ಇರುತ್ತದೆ. ಉತ್ತರ ಕರ್ನಾಟಕದ ಊರುಗಳಿಗೆ ಎತ್ತಿನ ಮೇಲೆ ಕೂತು ಬರುತ್ತಿದ್ದ ಹೆಳವರು ಮನೆಯಂಗಳದಲ್ಲೇ ಮನೆತನದ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುತ್ತಿದ್ದರು. ಹೆಳವರು ಬಾರದ ಮನೆಗಳಲ್ಲಿ ಆ ಕೆಲಸ ಮನೆಯವರದೇ.

ಆ ಹಳೆಯ ಪುಸ್ತಕವನ್ನು ಟೈಪ್ ಮಾಡಿ ನಕಲು ತೆಗೆದು, ಹೊಸ ಹೆಸರುಗಳನ್ನು ಸೇರಿಸಿ ಮತ್ತೆ ಅಚ್ಚು ಹಾಕಿಸಲು ಐದಾರು ಜನ ಸಾಕು. ಹಳೆಯ ಕೈಬರಹ ಓದಬಲ್ಲ ಒಬ್ಬರು, ಟೈಪ್ ಮಾಡಲು ಇಬ್ಬರು, ತಾಳೆ ನೋಡಲು ಒಬ್ಬರು, ಎಲ್ಲರ ಮನೆಗೂ ಫೋನ್ ಮಾಡಬಲ್ಲ ಬಾಯಿಯ ಅತ್ತೆಯೋ ಚಿಕ್ಕಮ್ಮನೋ ಒಬ್ಬರು. ಈ ಕೊನೆಯವರು ಸಿಗದಿದ್ದರೆ ಕೆಲಸ ಶುರು ಮಾಡಲೇಬೇಡಿ.

ಮೂಲ ಪುಸ್ತಕ ಮನೆ ಬಿಟ್ಟು ಹೋಗಬಾರದು, ಫೋಟೊಗಳು ಮಾತ್ರ ಹೋಗಲಿ. ಕಿಟಕಿಯ ಪಕ್ಕ ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಬೆನ್ನು ಮುರಿಯುವಷ್ಟು ಅಗಲಿಸದೆ ಒಂದೊಂದೇ ಪುಟ ತೆಗೆಯಿರಿ. ಫೈಲಿಗೆ ಪುಟದ ಸಂಖ್ಯೆಯನ್ನೇ ಹೆಸರಿಡಿ.

ಟೈಪ್ ಮಾಡುವಾಗ ಒಂದೇ ನಿಯಮ: ಇದ್ದದ್ದು ಇದ್ದ ಹಾಗೆ. ಕಾಗುಣಿತ ತಪ್ಪಿದ್ದರೂ ತಿದ್ದಬೇಡಿ, ಓದಲಾಗದ ಕಡೆ ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ. ಅಚ್ಚಾದ ಪುಟವಾದರೆ ಗೂಗಲ್ ಡಾಕ್ಸ್ ಚಿತ್ರದಿಂದ ಅಕ್ಷರ ಎತ್ತಿಕೊಡುತ್ತದೆ, ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ಹಳೆಯ ಡಿಟಿಪಿ ಫೈಲ್ ಸಿಕ್ಕಿ, ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಂಡರೆ ಗಾಬರಿ ಬೇಡ. ಅದು ಹಳೆಯ ಫಾಂಟಿನ ಕಾಟ, ಯೂನಿಕೋಡ್‌ಗೆ ಪರಿವರ್ತಿಸಿದರೆ ಸರಿಹೋಗುತ್ತದೆ.

ಈ ನಿಯಮ ಮುರಿದರೆ ಏನಾಗುತ್ತದೆಂದು ನಮ್ಮ ಮನೆಯಲ್ಲೇ ನೋಡಿದ್ದೇವೆ. ಪುಸ್ತಕದಲ್ಲಿ ‘ವೆಂಕಪ್ಪ ಬಿನ್ ರಾಮಪ್ಪ’ (ಅಂದರೆ ರಾಮಪ್ಪನ ಮಗ ವೆಂಕಪ್ಪ), ಅದರ ಕೆಳಗೆ ‘ರಾಮಪ್ಪ ಬಿನ್ ವೆಂಕಪ್ಪ’, ಮತ್ತೆ ‘ವೆಂಕಪ್ಪ ಬಿನ್ ರಾಮಪ್ಪ’ ಎಂದಿತ್ತು. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ವಾಡಿಕೆ. ಟೈಪ್ ಮಾಡಿದ ಹುಡುಗ ಒಂದೇ ಸಾಲು ಎರಡು ಸಲ ಬಂದಿದೆಯೆಂದು ಒಂದನ್ನು ಅಳಿಸಿದ. ವೆಂಕಪ್ಪ ತನಗೆ ತಾನೇ ಮೊಮ್ಮಗನಾದ!

ಇದಕ್ಕೆ ಮದ್ದು ಸಂಖ್ಯೆ. ಮೂಲಪುರುಷನಿಗೆ 1, ಮಕ್ಕಳಿಗೆ 1.1, 1.2, ಎರಡನೆಯವನ ಮೂರನೇ ಮಗುವಿಗೆ 1.2.3. ಒಂದೊಂದು ಚುಕ್ಕಿ ದಾಟಿದರೆ ಒಂದೊಂದು ತಲೆಮಾರು. ಮರೆತುಹೋಗಿದ್ದ ಮಗು ತಡವಾಗಿ ಸಿಕ್ಕರೆ ಕೊನೆಯ ಸಂಖ್ಯೆ ಕೊಡಿ, ಎಲ್ಲರದ್ದನ್ನೂ ಬದಲಿಸಲು ಹೋಗಬೇಡಿ. ಕರಾವಳಿಯ ಅಳಿಯಸಂತಾನದ ಕುಟುಂಬಗಳು ತಾಯಿಯಿಂದಲೇ ಎಣಿಕೆ ಆರಂಭಿಸಬೇಕಾಗುತ್ತದೆ.

ಟೈಪಾದದ್ದನ್ನು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲದ ಮೇಲೆ ಬೆರಳಿಟ್ಟು ಕೇಳಲಿ. ಕೈಬರಹದಲ್ಲಿ ಪ ಮತ್ತು ವ, ಅಂಕಿಗಳಲ್ಲಿ ೬ ಮತ್ತು ೯ ಮೋಸ ಮಾಡುತ್ತವೆ. ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಪಹಣಿ ನೋಡಿದವರಿಗೆ ಇದು ಗೊತ್ತು, ಬೆಂಗಳೂರಲ್ಲೇ ಬೆಳೆದ ಹುಡುಗರಿಗೆ ಹೇಳಿಕೊಡಬೇಕು.

ತಾರೀಖಿನ ಬದಲು ಸಂವತ್ಸರ ಇದ್ದರೆ 60 ವರ್ಷದ ಚಕ್ರ ನೆನಪಿರಲಿ. ‘ಪರಾಭವ ಸಂ. ಫಾಲ್ಗುಣ ಶು. ೫’ ಎಂದರೆ 1907 ಆಗಬಹುದು, 1967 ಕೂಡ ಆಗಬಹುದು. ಪರಾಭವ ಶುರುವಾಗುವುದು 1906 ಮತ್ತು 1966ರ ಯುಗಾದಿಗೆ, ಆದರೆ ಫಾಲ್ಗುಣ ಬರುವಷ್ಟರಲ್ಲಿ ಇಸವಿ ಬದಲಾಗಿರುತ್ತದೆ. ಅಪ್ಪನ, ಮಗನ ವಯಸ್ಸು ನೋಡಿ ಯಾವುದೆಂದು ತೀರ್ಮಾನಿಸಿ. ಶಕ ವರ್ಷ ಕೊಟ್ಟಿದ್ದರೆ ಇನ್ನೂ ಸುಲಭ, 78 ಕೂಡಿಸಿ. ವರ್ಷದ ಕೊನೆಯ ತಿಂಗಳುಗಳಿಗೆ 79.

ನಕಲು ಮುಗಿದು ಬೀಗ ಹಾಕಿದ ಮೇಲೆಯೇ ಇನ್ನೊಂದು ಪ್ರತಿಯಲ್ಲಿ ಹೊಸದನ್ನು ಸೇರಿಸುವುದು. ಇಲ್ಲಿ ದೊಡ್ಡ ಕೆಲಸ ಹೆಣ್ಣುಮಕ್ಕಳದು. ಗಂಡುಮಕ್ಕಳ ಹೆಸರು ಹಿರಿಯವನಿಂದ ಕಿರಿಯವನವರೆಗೆ ಬರೆದ ನಮ್ಮ ಅಜ್ಜ, ಹೆಣ್ಣುಮಕ್ಕಳಿಗೆ ಬಂದಾಗ ‘ಹೆಣ್ಣು ಇಬ್ಬರು’ ಎಂದು ಮುಗಿಸಿದ್ದರು. ಆ ಇಬ್ಬರ ಮಕ್ಕಳು ಮೊಮ್ಮಕ್ಕಳು ಸೇರಿದರೆ ಈಗ ಒಂದು ಮದುವೆ ಛತ್ರ ತುಂಬುತ್ತದೆ. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿಯೂ ಕೆಲವು ಮನೆಗಳಲ್ಲಿತ್ತು, ಹಾಗಾಗಿ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಬರೆಯಿರಿ.

ಫೋನ್ ಮಧ್ಯಾಹ್ನ ಊಟ ಮುಗಿದ ಮೇಲೆ ಮಾಡಬೇಕು. ‘ಹುಟ್ಟಿದ ತಾರೀಖು ಹೇಳಿ’ ಎಂದರೆ ಉತ್ತರ ಬರುವುದಿಲ್ಲ. ‘ಅತ್ತೆ, ನೀವು ಹುಟ್ಟಿದ ವರ್ಷ ಮನೇಲಿ ಏನು ನಡೀತು?’ ಎಂದು ಕೇಳಿ. ‘ಅದೇ ಕಣೋ, ದೊಡ್ಡ ಬಾವಿ ತೋಡ್ಸಿದ್ದು, ನೀರೇ ಬರ್ಲಿಲ್ಲ’ ಎಂದು ಶುರುವಾಗುತ್ತದೆ. ತೀರಿಕೊಂಡವರದು ಬೇಕಿದ್ದರೆ ತಿಥಿ ಮಾಡುವ ದಿನ ಕೇಳಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ, ಹೇಳಿದವರ ಹೆಸರಿನೊಂದಿಗೆ ಬರೆದಿಡಿ. ಪಂಚಾಯಿತಿ ಮಾಡಲು ಕೂರಬೇಡಿ.

ಬದುಕಿರುವವರ ಪೂರ್ತಿ ಜನ್ಮದಿನಾಂಕ, ಫೋನ್ ನಂಬರು ಅಚ್ಚಿನ ಪ್ರತಿಯಲ್ಲಿ ಬೇಡ, ಇಸವಿ ಸಾಕು. ಪುಸ್ತಕದ ಕೊನೆಗೆ ಎಂಟು ಹತ್ತು ಖಾಲಿ ಹಾಳೆ ಸೇರಿಸಿ ಬೈಂಡ್ ಮಾಡಿಸಿ. ನಮ್ಮ ಪ್ರತಿ ಮನೆಗೆ ಬಂದ ವಾರದೊಳಗೇ ಅತ್ತೆ ಮೊದಲ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿದ್ದರು: ‘ಪುಟ 41, ನಾನು ಹುಟ್ಟಿದ್ದು ೩೯ ಅಲ್ಲ, ೩೬.’